ಚಳಿಮಳೆಯ ಬೆಟ್ಟ, ಒಂಟಿ ಸೈಕಲ್, ಒಬ್ಬರ ಟೆಂಟ್: ಕೆಲವು ವರ್ಷ ಬಳಸಿದ ಮೇಲೆ

ನೇರವಾಗಿ ಹೇಳಿಬಿಡುತ್ತೇನೆ. ಈ ಟೆಂಟ್ ಮಳೆಯನ್ನು ಹೊರಗಿಡುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ಚಳಿಮಳೆಯ ಬೆಟ್ಟದಲ್ಲಿ ಒಬ್ಬರೇ ಸೈಕಲ್ ತುಳಿಯುವವರಿಗೆ ಅದು ಅರ್ಧ ಕೆಲಸ ಮಾತ್ರ. ಒಳಗೇ ಹುಟ್ಟುವ ನೀರು ಎಲ್ಲಿ ಹೋಗುತ್ತದೆ? ಒದ್ದೆ ಟೆಂಟನ್ನು ಮಡಚಿ, ಮರುದಿನ ಸಂಜೆ ಮತ್ತೆ ಮಳೆಯಲ್ಲೇ ಬಿಚ್ಚಿದಾಗ ಮಲಗುವ ಜಾಗ ಒಣಗಿರುತ್ತದಾ? ಮಾರುವವರ ವಿವರಣೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಹಾಗಾಗಿ ನಾನು ಬರೆಯುತ್ತಿರುವುದು ಬಹುಪಾಲು ಇದನ್ನೇ.

ಕಂಪನಿಯ ಹೆಸರು ಹಾಕುತ್ತಿಲ್ಲ. ಇದೇ ವಿನ್ಯಾಸದ ಟೆಂಟ್‌ಗಳನ್ನು ಹಲವರು ಮಾಡುತ್ತಾರೆ, ಗುಣವೂ ದೋಷವೂ ಹೆಚ್ಚು ಕಡಿಮೆ ಒಂದೇ. ಒಬ್ಬರು ಮಲಗುವ ಎರಡು ಪದರದ ಟೆಂಟ್ ಇದು. ಹೊರಪದರ ಸಿಲ್‌ನೈಲಾನ್, ಅಂದರೆ ಎರಡೂ ಬದಿಗೆ ಸಿಲಿಕೋನ್ ಹಚ್ಚಿದ ತೆಳು ನೈಲಾನ್. ಒಳಪದರ ಅರ್ಧ ಬಟ್ಟೆ, ಅರ್ಧ ಬಲೆ. ನೆಲಕ್ಕೆ ಪಾಲಿಯುರೆಥೇನ್ ಲೇಪದ ನೈಲಾನ್. ಒಂದೇ ಅಲ್ಯೂಮಿನಿಯಂ ಪೋಲ್ ಕಮಾನಿನಂತೆ ಅಡ್ಡಕ್ಕೆ ಬರುತ್ತದೆ, ಎರಡು ತುದಿಗೆ ಗೂಟ ಹೊಡೆದರೆ ನಿಲ್ಲುತ್ತದೆ. ಎಲ್ಲ ಸೇರಿ ಒಂದೂವರೆ ಕಿಲೋ ಆಸುಪಾಸು. ಬಾಗಿಲ ಮುಂದೆ ಹೊರಪದರದ ಮರೆಯಲ್ಲಿ ಒಂದು ಪುಟ್ಟ ಜಗಲಿ ಇದೆ.

ಮಳೆಯಲ್ಲಿ ಟೆಂಟ್ ಹಾಕುವ ವಿಷಯದಲ್ಲಿ ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಒಳಪದರ ಹೊರಪದರಕ್ಕೆ ಪುಟ್ಟ ಕೊಕ್ಕೆಗಳಲ್ಲಿ ನೇತಾಡಿಕೊಂಡೇ ಇರುತ್ತದೆ. ಗಾಳಿ ಬರುವ ಕಡೆಯ ಗೂಟ ಮೊದಲು ಹೊಡೆಯಬೇಕು. ಪೋಲ್ ತೂರಿಸಿ, ಎದುರಿನ ಗೂಟ ಎಳೆದು ಹೊಡೆದರೆ ಎರಡೂ ಪದರ ಒಟ್ಟಿಗೇ ಎದ್ದು ನಿಲ್ಲುತ್ತವೆ. ಒಳಪದರ ಮೊದಲು ನಿಲ್ಲಿಸಿ ಆಮೇಲೆ ಹೊದಿಸುವ ಟೆಂಟ್‌ಗಳೂ ಇವೆ. ಒಣ ಹವೆಗೆ ಅವು ಚೆನ್ನ. ಜಡಿಮಳೆಯಲ್ಲಿ ಹೊದಿಕೆ ಬಿಚ್ಚುವಷ್ಟರಲ್ಲಿ ಮಲಗುವ ನೆಲದಲ್ಲಿ ನೀರು ನಿಂತಿರುತ್ತದೆ. ಇಬ್ಬರಿದ್ದರೆ ಒಬ್ಬರು ಹೊದಿಕೆ ಹಿಡಿದು ನಿಲ್ಲಬಹುದು. ಒಬ್ಬರೇ ಇದ್ದಾಗ ಹಿಡಿಯುವವರು ಯಾರು?

ಆ ಹೊತ್ತಿಗೆ ಬೆರಳೂ ಮರಗಟ್ಟಿರುತ್ತದೆ ಅನ್ನುವುದನ್ನು ಮರೆಯಬೇಡಿ. ಎತ್ತರ 1000 ಮೀಟರ್ ಏರಿದರೆ ಗಾಳಿ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ತಣ್ಣಗಾಗುತ್ತದೆ. ಬುಡದಲ್ಲಿ 12 ಡಿಗ್ರಿ ಇದ್ದ ಮಳೆ ಮೇಲೆ 5 ಡಿಗ್ರಿಗೆ ಇಳಿದಿರುತ್ತದೆ. ಏರುವಾಗ ಬೆವರಿ, ಅದೇ ಒದ್ದೆ ಮೈಯಲ್ಲಿ ಇಳಿಜಾರಿನ ಗಾಳಿಗೆ ಸಿಕ್ಕರೆ ಕೈ ಬ್ರೇಕ್ ಹಿಡಿಯುವ ಆಕಾರದಲ್ಲೇ ನಿಂತುಬಿಡುತ್ತದೆ. ನನ್ನನ್ನು ಕೇಳಿದರೆ ಮೈನಸ್ 5ರ ಹಿಮಕ್ಕಿಂತ 5 ಡಿಗ್ರಿಯ ಮಳೆ ಕೆಟ್ಟದ್ದು. ಹಿಮವನ್ನು ಕೊಡವಿಕೊಳ್ಳಬಹುದು, ಮಳೆ ಒಳಗಿಳಿಯುತ್ತದೆ. ಇಂಥ ಕೈಯಲ್ಲಿ ಸಣ್ಣ ಗುಂಡಿ, ಸಣ್ಣ ಗಂಟು ಯಾವುದೂ ಆಗುವುದಿಲ್ಲ. ಈ ಟೆಂಟಿನಲ್ಲಿ ಪೋಲ್ ತುದಿ ಕೂರುವ ಲೋಹದ ಬಳೆ ದೊಡ್ಡದಾಗಿದೆ, ಕೈಗವಸು ಹಾಕಿಕೊಂಡೇ ಸಿಕ್ಕಿಸಬಹುದು. ಆದರೆ ಹಗ್ಗ ಬಿಗಿ ಮಾಡುವ ಪ್ಲಾಸ್ಟಿಕ್ ತುಣುಕುಗಳು ತೊಂದರೆ ಕೊಟ್ಟವು. ಕಂಪನಿಯ ಹಗ್ಗ 2 ಮಿ.ಮೀ. ದಪ್ಪ, ಮೇಲ್ಮೈ ನುಣ್ಣಗೆ. ಒಣಗಿದ್ದಾಗ ಹಲ್ಲು ಕಚ್ಚುತ್ತದೆ, ಒದ್ದೆಯಾದರೆ ನಿಧಾನಕ್ಕೆ ಜಾರುತ್ತದೆ. ಬೆಳಗಿನ ಜಾವ ಎದ್ದರೆ ಟೆಂಟ್ ಒಂದು ಕಡೆ ವಾಲಿರುತ್ತದೆ. ಸ್ವಲ್ಪ ಒರಟು ಹೆಣಿಗೆಯ 3 ಮಿ.ಮೀ. ಹಗ್ಗ ಹಾಕಿದ ಮೇಲೆ ಆ ಕಾಟ ತಪ್ಪಿತು.

ಜೊತೆಗೆ ಬಂದ ಗೂಟಗಳೂ ಅಷ್ಟಕ್ಕಷ್ಟೇ. ತೆಳು ಕಡ್ಡಿಯಂಥವು. ನೆನೆದ ಮೆತ್ತನೆ ಮಣ್ಣಿನಲ್ಲಿ ಎರಡು ಬಾರಿ ಗಾಳಿ ಜಗ್ಗಿದರೆ ಮೇಲೆ ಬಂದುಬಿಡುತ್ತವೆ. ಮೂರು ರೆಕ್ಕೆಯ, ಕೊಂಚ ಉದ್ದನೆಯ ಗೂಟಗಳನ್ನು ಎರಡು ಮುಖ್ಯ ತುದಿಗಾದರೂ ಇಟ್ಟುಕೊಳ್ಳಿ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಸಂಜೆ ಗಟ್ಟಿ ಅನಿಸಿದ ಗೂಟ ಮಧ್ಯರಾತ್ರಿಗೂ ಗಟ್ಟಿ ಇರುತ್ತದೆ ಅಂತ ನಂಬುವ ಹಾಗಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಟೆಂಟ್ ಬೆವರುತ್ತದೆ.

ಬೆಳಿಗ್ಗೆ ಎದ್ದು ಹೊರಪದರದ ಒಳಮೈ ಮುಟ್ಟಿದರೆ ಅಂಗೈ ತುಂಬಾ ನೀರು. ‘ಟೆಂಟ್ ಸೋರುತ್ತಿದೆ, ದುಡ್ಡು ದಂಡ’ ಅಂತ ದೂರು ಬರೆಯುವವರು ಬಹಳ ಸಲ ನೋಡಿರುವುದು ಇದನ್ನೇ. ಸೋರಿದ್ದಲ್ಲ ಅದು, ನಿಮ್ಮದೇ ಉಸಿರು. ಮಲಗಿದ ಮನುಷ್ಯನ ಉಸಿರು ಮತ್ತು ಚರ್ಮದಿಂದ ಒಂದು ರಾತ್ರಿಗೆ ಸುಮಾರು ಕಾಲು ಲೀಟರ್ ನೀರು ಆವಿಯಾಗಿ ಹೋಗುತ್ತದೆ. ಮೇಲೆ ತಣ್ಣನೆ ಮಳೆ ಬಿದ್ದು ಬಟ್ಟೆ ತಣ್ಣಗಾಗಿರುತ್ತದೆ. ಬೆಚ್ಚನೆ ಆವಿ ಅದಕ್ಕೆ ತಾಗಿದ ಕೂಡಲೇ ಹನಿ. ಸಿಲಿಕೋನ್ ಬಟ್ಟೆ ಹೊರಗಿನ ನೀರನ್ನು ಒಳಗೆ ಬಿಡುವುದಿಲ್ಲ, ಒಳಗಿನ ಆವಿಯನ್ನು ಹೊರಗೂ ಬಿಡುವುದಿಲ್ಲ. ಸೋರಿಕೆಯೋ ಬೆವರೋ ಗೊತ್ತುಮಾಡಿಕೊಳ್ಳಲು ಸುಲಭ ದಾರಿ ಇದೆ. ಒಳಮೈಯಲ್ಲಿ ಎಲ್ಲ ಕಡೆ ಒಂದೇ ಸಮನೆ ಸಣ್ಣ ಹನಿಗಳಿದ್ದರೆ ಬೆವರು. ಒಂದೇ ಹೊಲಿಗೆಯ ಉದ್ದಕ್ಕೆ, ಅಥವಾ ಹಗ್ಗ ಕಟ್ಟುವ ಒಂದೇ ಜಾಗದಿಂದ ತೊಟ್ಟಿಕ್ಕುತ್ತಿದ್ದರೆ ಸೋರಿಕೆ.

ಕಿಟಕಿ ತೆಗೆದಿಡಿ, ಗಾಳಿಯಾಡಲಿ ಅಂತ ಎಲ್ಲರೂ ಹೇಳುತ್ತಾರೆ. ಒಳ್ಳೆಯ ಮಾತೇ. ಆದರೆ ಮೋಡ ನೆಲಕ್ಕಿಳಿದು ಕೂತಿರುವ ಬೆಟ್ಟದಲ್ಲಿ ಹೊರಗಿನ ಗಾಳಿಯೇ ನೀರಿನಿಂದ ತುಂಬಿರುತ್ತದೆ. ಒದ್ದೆ ಗಾಳಿ ಒಳಗೆ ಬಂದು ಒಣಗಿಸುವುದಾದರೂ ಏನನ್ನು? ಗಾಳಿ ಬೀಸುತ್ತಿದ್ದರೆ ಪರವಾಗಿಲ್ಲ, ಆವಿಯನ್ನು ಹೊತ್ತುಕೊಂಡು ಹೋಗುತ್ತದೆ. ಗಾಳಿಯೇ ಇಲ್ಲದ ತುಂತುರು ಮಳೆಯ ರಾತ್ರಿ ಯಾವ ಟೆಂಟ್ ಆದರೂ ಬೆವರುತ್ತದೆ, ಎಷ್ಟು ದುಡ್ಡು ಕೊಟ್ಟಿದ್ದರೂ. ಹಾಗಾಗಿ ಬೆವರುತ್ತದಾ ಅಂತ ಕೇಳಬೇಡಿ. ಬೆವರಿದ ನೀರು ನಿಮ್ಮ ಹಾಸಿಗೆಗೆ ಬರುತ್ತದಾ, ನೆಲಕ್ಕೆ ಇಳಿಯುತ್ತದಾ ಅಂತ ಕೇಳಿ.

ಈ ಟೆಂಟ್ ಅದಕ್ಕೆ ಮುಕ್ಕಾಲು ಭಾಗ ಒಳ್ಳೆಯ ಉತ್ತರ ಕೊಡುತ್ತದೆ. ತಲೆಯ ಮೇಲೆ ಹೊರಪದರ ಕಡಿದಾಗಿ ಇಳಿಯುತ್ತದೆ, ಹನಿಗಳು ಸೇರಿ ಜಾರಿ ಅಂಚಿನಿಂದ ಹೊರಗೆ ಬೀಳುತ್ತವೆ. ಬಿರುಗಾಳಿ ಬಟ್ಟೆಯನ್ನು ಪಟಪಟ ಬಡಿದಾಗ ಉದುರುವ ಹನಿಗಳನ್ನು ಒಳಪದರ ತಡೆಯುತ್ತದೆ. ತೊಂದರೆ ಇರುವುದು ಕಾಲಿನ ಕಡೆ. ಅಲ್ಲಿ ಎರಡು ಪದರಗಳ ನಡುವೆ ನಾಲ್ಕು ಬೆರಳಿನಷ್ಟು ಮಾತ್ರ ಜಾಗ. ಎತ್ತರದ ಆಳಾದರೆ ಸ್ಲೀಪಿಂಗ್ ಬ್ಯಾಗಿನ ತುದಿ ಒಳಪದರವನ್ನು ಒತ್ತಿ, ಒಳಪದರ ಹೊರಪದರಕ್ಕೆ ಅಂಟಿ, ನೀರು ನೇರ ಒಳಗೆ. ನಾನು ಮಳೆಕೋಟನ್ನು ಸ್ಲೀಪಿಂಗ್ ಬ್ಯಾಗಿನ ಕಾಲಿನ ತುದಿಗೆ ಸುತ್ತಿ ಮಲಗುತ್ತೇನೆ. ನೋಡಲು ಚೆನ್ನಾಗಿರುವುದಿಲ್ಲ, ಬ್ಯಾಗ್ ಒಣಗಿರುತ್ತದೆ.

ಹಕ್ಕಿಯ ತುಪ್ಪುಳದ ಸ್ಲೀಪಿಂಗ್ ಬ್ಯಾಗ್ ಇರುವವರು ಇದನ್ನು ಇನ್ನೂ ಜಾಸ್ತಿ ಗಮನಿಸಬೇಕು. ತುಪ್ಪುಳ ಉಬ್ಬಿ ನಿಂತರೇ ಬೆಚ್ಚಗಿರುವುದು. ತೇವ ಹಿಡಿದರೆ ಕುಸಿಯುತ್ತದೆ, ಪ್ರತಿ ರಾತ್ರಿ ಸ್ವಲ್ಪ ಸ್ವಲ್ಪವೇ. ಬಿಸಿಲೇ ಕಾಣದ ವಾರದಲ್ಲಿ ಅದನ್ನು ಮತ್ತೆ ಉಬ್ಬಿಸುವುದು ಹೇಗೆ? ತೂಕ ಜಾಸ್ತಿಯಾದರೂ ನಾನು ಮಳೆ ಬೆಟ್ಟಕ್ಕೆ ಸಿಂಥೆಟಿಕ್ ಬ್ಯಾಗನ್ನೇ ಒಯ್ಯುತ್ತೇನೆ.

ಎಲ್ಲಿ ಟೆಂಟ್ ಹಾಕುತ್ತೀರಿ ಅನ್ನುವುದೂ ಈ ಲೆಕ್ಕಕ್ಕೇ ಸೇರುತ್ತದೆ. ಹೊಳೆಯ ಪಕ್ಕದ ಹುಲ್ಲು ನೋಡಲು ಚೆಂದ. ಆದರೆ ರಾತ್ರಿ ತಣ್ಣನೆ ಗಾಳಿ ಇಳಿಜಾರಿನಲ್ಲಿ ಜಾರಿ ಬಂದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಅಲ್ಲೇ ತೇವ, ಅಲ್ಲೇ ಚಳಿ. ಮಳೆ ಜೋರಾದರೆ ಹೊಳೆ ಏರುವ ಭಯ ಬೇರೆ. ಅಲ್ಲಿಂದ ಹತ್ತಿಪ್ಪತ್ತು ಮೀಟರ್ ಮೇಲೆ, ಗಾಳಿಗೆ ಸ್ವಲ್ಪ ಮರೆಯಿರುವ ಸಣ್ಣ ಮಟ್ಟಸ ಜಾಗ ಸಿಕ್ಕರೆ ವ್ಯತ್ಯಾಸ ಬೆಳಿಗ್ಗೆ ಗೊತ್ತಾಗುತ್ತದೆ. ಈ ಟೆಂಟ್ ಅಗಲ ಕಡಿಮೆ, ಅಂಥ ಪುಟ್ಟ ಜಾಗದಲ್ಲೂ ಹಿಡಿಸುತ್ತದೆ.

ಇನ್ನು ಬೆಳಿಗ್ಗೆಯ ಕೆಲಸ. ಈ ಟೆಂಟನ್ನು ನಾನು ಇಷ್ಟು ವರ್ಷ ಇಟ್ಟುಕೊಂಡಿರುವುದಕ್ಕೆ ಇದೇ ಕಾರಣ. ಹೊರಗೆ ಸುರಿಯುತ್ತಿದ್ದರೂ ಒಳಗೇ ಕೂತು ಎಲ್ಲ ಸಾಮಾನು ಪ್ಯಾನಿಯರ್‌ಗಳಿಗೆ, ಅಂದರೆ ಸೈಕಲ್ಲಿನ ಪಕ್ಕಕ್ಕೆ ನೇತುಹಾಕುವ ಚೀಲಗಳಿಗೆ ತುಂಬಿ ಬಾಯಿ ಸುತ್ತಿಬಿಡುತ್ತೇನೆ. ಆಮೇಲೆ ಒಳಪದರದ ಕೊಕ್ಕೆಗಳನ್ನು ಒಂದೊಂದಾಗಿ ಬಿಚ್ಚುತ್ತೇನೆ, ಕಾಲಿನ ಕಡೆಯಿಂದ ಶುರುಮಾಡಿ ತಲೆಯ ಕಡೆಗೆ. ಒಳಪದರ ಮೆಲ್ಲಗೆ ಕುಸಿದು ಮಡಿಲಿಗೆ ಬರುತ್ತದೆ. ಒದ್ದೆ ಹುಲ್ಲಿಗೆ ತಾಗಿದ ನೆಲದ ಬದಿ ಒಳಗೆ ಬರದಂತೆ ಮಡಚಿ ಅದರದೇ ಚೀಲಕ್ಕೆ ಹಾಕುತ್ತೇನೆ. ಈಗ ಉಳಿದದ್ದು ಬರೀ ಹೊರಪದರದ ಸೂರು, ಅದರ ಕೆಳಗೆ ಹುಲ್ಲಿನ ಮೇಲೆ ಮಳೆಕೋಟು ತೊಟ್ಟ ನಾನು. ಚೀಲಗಳನ್ನು ಸೈಕಲ್ಲಿಗೆ ಸಿಕ್ಕಿಸಿ, ಕೊನೆಗೆ ಪೋಲ್ ಎಳೆದು, ಹೊರಪದರವನ್ನು ಎರಡು ಸಲ ಜೋರಾಗಿ ಒದರಿ, ಬೇರೆ ಚೀಲದಲ್ಲಿ ತುರುಕಿ ಕ್ಯಾರಿಯರ್ ಮೇಲೆ ಕಟ್ಟುತ್ತೇನೆ. ಒದ್ದೆ ಹೊರಗೆ, ಒಣಗಿದ್ದು ಒಳಗೆ. ಸಂಜೆ ಹೊರಪದರ ಮೊದಲು ನಿಲ್ಲಿಸಿ, ಅದರ ಕೆಳಗೆ ಕೂತು ಒಳಪದರ ನೇತುಹಾಕಿದರೆ ಮಲಗುವ ಜಾಗ ಒಣಗಿರುತ್ತದೆ.

ಇಷ್ಟು ಚೆನ್ನಾಗಿ ಬೇರೆ ಮಾಡಬಹುದಾದ ಟೆಂಟಿಗೆ ಕಂಪನಿ ಕೊಟ್ಟಿರುವುದು ಒಂದೇ ಚೀಲ. ಅದೂ ಒಣ ಟೆಂಟ್ ಕಷ್ಟಪಟ್ಟು ಹಿಡಿಸುವ ಅಳತೆಯದು. ಒದ್ದೆ ಬಟ್ಟೆ, ಮರಗಟ್ಟಿದ ಕೈ, ಬಿಗಿ ಚೀಲ! ಇದನ್ನು ವಿನ್ಯಾಸ ಮಾಡಿದವರು ಮಳೆಯಲ್ಲಿ ಒಮ್ಮೆಯೂ ಮಡಚಿರಲಿಕ್ಕಿಲ್ಲ. ದೊಡ್ಡ ಚೀಲಗಳೆರಡನ್ನು ಬೇರೆಯಾಗಿ ಇಟ್ಟುಕೊಳ್ಳಲೇಬೇಕು.

ಸಿಲ್‌ನೈಲಾನ್‌ಗೆ ಒಂದು ಹುಟ್ಟುಗುಣ ಇದೆ. ನೈಲಾನ್ ನೀರು ಹೀರಿ ಸ್ವಲ್ಪ ಉದ್ದವಾಗುತ್ತದೆ. ಸಿಲಿಕೋನ್ ಲೇಪ ಅದನ್ನು ನಿಧಾನ ಮಾಡಬಹುದು, ನಿಲ್ಲಿಸಲಾರದು. ಸಂಜೆ ತಮಟೆಯಂತೆ ಬಿಗಿಯಾಗಿದ್ದ ಬಟ್ಟೆ ಒಂದೆರಡು ಗಂಟೆ ಮಳೆ ಕುಡಿದ ಮೇಲೆ ಜೋತುಬೀಳುತ್ತದೆ. ಜೋತುಬಿದ್ದ ಹೊರಪದರ ಒಳಪದರಕ್ಕೆ ತಾಗುತ್ತದೆ, ಮತ್ತೆ ಬೆವರಿನ ಕಥೆ. ಹಾಗಾಗಿ ಮಲಗುವ ಮುಂಚೆ ಒಂದು ಸಲ ಹೊರಗೆ ಹೋಗಿ ಹಗ್ಗ ಎಳೆದು ಬರಬೇಕು. ಬೆಚ್ಚಗೆ ಒಳಸೇರಿದ ಮೇಲೆ ಯಾರಿಗೆ ಬೇಕು ಅದು? ಎರಡು ತುದಿಯ ಗೂಟದ ಕುಣಿಕೆಗೆ ಗಟ್ಟಿ ಎಲಾಸ್ಟಿಕ್ ಹಗ್ಗದ ತುಂಡು ಸೇರಿಸಿದ್ದೇನೆ. ಬಟ್ಟೆ ಉದ್ದವಾದಷ್ಟೂ ಅದು ಎಳೆದುಕೊಳ್ಳುತ್ತದೆ. ಪೂರ್ತಿ ಪರಿಹಾರವಲ್ಲ, ಆದರೆ ಹೊರಗೆ ಹೋಗುವ ಕೆಲಸ ಬಹಳ ಮಟ್ಟಿಗೆ ತಪ್ಪಿದೆ. ಪಾಲಿಯೆಸ್ಟರ್ ಇಷ್ಟು ನೀರು ಹೀರುವುದಿಲ್ಲ, ಜೋತುಬೀಳುವುದೂ ಕಡಿಮೆ. ಅದೇ ತೂಕಕ್ಕೆ ಹರಿಯದೆ ತಾಳುವ ಶಕ್ತಿ ನೈಲಾನ್‌ಗೆ ಜಾಸ್ತಿ. ಯಾವುದು ಬೇಕೋ ನೀವೇ ನೋಡಿಕೊಳ್ಳಿ. ಮಳೆಯೇ ಮುಖ್ಯ ಅನ್ನುವವರಿಗೆ ನಾನು ಈಗ ಪಾಲಿಯೆಸ್ಟರ್ ಅಂತಲೇ ಹೇಳುತ್ತೇನೆ.

ನೆಲದ ಬಟ್ಟೆಯ ಮೇಲೆ 3000 ಮಿ.ಮೀ. ಅಂತ ಬರೆದಿರುತ್ತದೆ. ಮೂರು ಮೀಟರ್ ಎತ್ತರದ ನೀರಿನ ಕಂಬದ ಒತ್ತಡಕ್ಕೆ ಅದು ತಡೆಯುತ್ತದೆ ಅಂತ ಅರ್ಥ. ಕೇಳಲು ದೊಡ್ಡದಾಗಿದೆ. ಲೆಕ್ಕ ಹಾಕಿದರೆ ಅದು ಪ್ರತಿ ಚದರ ಸೆಂಟಿಮೀಟರಿಗೆ 300 ಗ್ರಾಂ ಅಷ್ಟೇ. 60 ಕಿಲೋ ತೂಕದವರು ಮಂಡಿಯೂರಿ ಕೂತರೆ ಒಂದೊಂದು ಮಂಡಿಯ ಕೆಳಗೆ 30 ಕಿಲೋ. ಮಂಡಿ ನೆಲಕ್ಕೆ ತಾಗುವ ಜಾಗ 50 ಚದರ ಸೆಂಟಿಮೀಟರ್ ಅಂದುಕೊಂಡರೂ ಒತ್ತಡ ಅದರ ಎರಡು ಪಟ್ಟು. ನೀರು ನಿಂತ ಹುಲ್ಲಿನ ಮೇಲೆ ಮಂಡಿಯೂರಿ ಬಟ್ಟೆ ಬದಲಿಸಿದ ಜಾಗದಲ್ಲಿ ಎರಡು ಗುಂಡನೆ ತೇವದ ಗುರುತು ಮೂಡುವುದು ಇದರಿಂದಲೇ. ಅಡಿಗೆ ಒಂದು ಹಾಳೆ ಹಾಸಿದರೆ ಸರಿಹೋಗುತ್ತದೆ. ಆ ಹಾಳೆ ಟೆಂಟಿನ ನೆಲಕ್ಕಿಂತ ಎಲ್ಲ ಕಡೆ ಎರಡು ಬೆರಳು ಚಿಕ್ಕದಿರಬೇಕು. ಹೊರಗೆ ಚಾಚಿಕೊಂಡಿದ್ದರೆ ಮಳೆನೀರನ್ನು ಹಿಡಿದು ಸೀದಾ ನಿಮ್ಮ ಬೆನ್ನಿನ ಕೆಳಗೇ ತಂದು ಬಿಡುತ್ತದೆ.

ಸೈಕಲ್ಲಿಗೆ ಇದು ಎಷ್ಟು ಹೊಂದುತ್ತದೆ? ಪೋಲ್ ಮಡಚಿದಾಗ ಒಂದೂವರೆ ಅಡಿ ಉದ್ದ. ಡ್ರಾಪ್ ಹ್ಯಾಂಡಲ್‌ನ, ಅಂದರೆ ತುದಿಗಳು ಕೆಳಕ್ಕೆ ಬಾಗಿದ ಹ್ಯಾಂಡಲ್‌ನ, ಎರಡು ಬಾಗುಗಳ ನಡುವೆ ಅಡ್ಡಕ್ಕೆ ಕಟ್ಟಲು ಆಗುವುದಿಲ್ಲ. ಸೈಕಲ್ ಪ್ರಯಾಣಕ್ಕೆಂದೇ 30 ಸೆಂ.ಮೀ. ಆಸುಪಾಸಿನ ಪೋಲ್ ತುಂಡು ಇರುವ ಟೆಂಟ್‌ಗಳು ಈಗ ಬರುತ್ತವೆ. ಹಿಂದೆ ಕ್ಯಾರಿಯರ್ ಇರುವವರಿಗೆ ಇದೊಂದು ಸಮಸ್ಯೆಯೇ ಅಲ್ಲ, ಇಲ್ಲದವರು ಫ್ರೇಮಿಗೆ ಕಟ್ಟಿಕೊಳ್ಳಬೇಕು. ಜಗಲಿಯಲ್ಲಿ ಎರಡು ಪ್ಯಾನಿಯರ್, ಶೂ, ಸ್ಟವ್ ಹಿಡಿಸುತ್ತವೆ. ನಾಲ್ಕು ಪ್ಯಾನಿಯರ್ ಇದ್ದರೆ ಎರಡು ಸೈಕಲ್ಲಿನಲ್ಲೇ ಮಳೆಯಲ್ಲಿ ನಿಲ್ಲಬೇಕು. ಬಾಯಿ ಸುತ್ತಿ ಮುಚ್ಚುವ ಚೀಲಗಳಾದರೆ ಏನೂ ಆಗುವುದಿಲ್ಲ. ಸೈಕಲ್ಲನ್ನು ಟೆಂಟಿಗೆ ಒರಗಿಸಿ ನಿಲ್ಲಿಸಬೇಡಿ, ಗಾಳಿಗೆ ಬಿದ್ದರೆ ಪೆಡಲ್ ಬಟ್ಟೆಯನ್ನು ಸೀಳುತ್ತದೆ. ನಾನು ಗಾಳಿ ಬರುವ ಕಡೆ ಅದನ್ನು ನೆಲಕ್ಕೆ ಮಲಗಿಸಿ, ಚೈನ್ ಇರುವ ಬದಿ ಮೇಲಕ್ಕಿಟ್ಟು, ಟೆಂಟಿನ ಒಂದು ಹಗ್ಗವನ್ನು ಫ್ರೇಮಿಗೆ ಕಟ್ಟುತ್ತೇನೆ. ಕಲ್ಲು ನೆಲದಲ್ಲಿ ಗೂಟ ಇಳಿಯದಿದ್ದಾಗ ಇದಕ್ಕಿಂತ ಒಳ್ಳೆಯ ಗೂಟ ಸಿಗುವುದಿಲ್ಲ. ರಾತ್ರಿ ಯಾರಾದರೂ ಸೈಕಲ್ ಎತ್ತಿದರೆ ಟೆಂಟ್ ಅಲುಗಿ ಎಚ್ಚರವೂ ಆಗುತ್ತದೆ ಅಲ್ವಾ!

ಜಗಲಿಯಲ್ಲಿ ಸ್ಟವ್ ಹಚ್ಚುವುದರ ಬಗ್ಗೆ ಎರಡು ಮಾತು. ಬಾಗಿಲು ಪೂರ್ತಿ ಮುಚ್ಚಿ ಹಚ್ಚಲೇಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆ ಬಂದಂತೆಯೇ ಪ್ರಾಣ ಹೋಗುತ್ತದೆ. ಕುದಿಯುವ ನೀರಿನ ಹಬೆಯೂ ಒಳಗೇ ಹನಿಯಾಗುತ್ತದೆ. ಗ್ಯಾಸ್ ಡಬ್ಬಿ ಕೊಳ್ಳುವಾಗ ಒಳಗೇನಿದೆ ಓದಿ. ಸಾದಾ ಬ್ಯುಟೇನ್ ಮೈನಸ್ 0.5 ಡಿಗ್ರಿಯಲ್ಲಿ ಕುದಿಯುತ್ತದೆ, ಅಂದರೆ ಸೊನ್ನೆಯ ಹತ್ತಿರದ ಚಳಿಯಲ್ಲಿ ಅದು ಆವಿಯಾಗಲು ಒಪ್ಪುವುದೇ ಇಲ್ಲ. ಐಸೋಬ್ಯುಟೇನ್ ಮೈನಸ್ 11.7ರವರೆಗೆ, ಪ್ರೊಪೇನ್ ಮೈನಸ್ 42ರವರೆಗೆ ಬರುತ್ತದೆ. ಈ ಎರಡರ ಮಿಶ್ರಣ ಇರುವ ಡಬ್ಬಿ ತೆಗೆದುಕೊಳ್ಳಿ.

ಸವೆತದ ವಿಷಯ. ಹೊರಪದರ ಇನ್ನೂ ಗಟ್ಟಿಮುಟ್ಟಾಗಿದೆ, ಬಿಸಿಲಿಗೆ ಬಣ್ಣ ಸ್ವಲ್ಪ ಮಂಕಾಗಿದೆ ಅಷ್ಟೇ. ಸಿಲಿಕೋನ್ ಬಟ್ಟೆಗೆ ಹೊಲಿಗೆಯ ತೂತು ಮುಚ್ಚುವ ಪಟ್ಟಿ ಅಂಟುವುದಿಲ್ಲ, ಹಾಗಾಗಿ ಹೊಲಿಗೆಗಳಿಗೆ ಸಿಲಿಕೋನ್ ಅಂಟನ್ನು ನಾವೇ ಹಚ್ಚಬೇಕು. ಒಮ್ಮೆ ಹಚ್ಚಿದ್ದು ಇಂದಿಗೂ ಹಿಡಿದಿದೆ. ನೆಲದ ಪಾಲಿಯುರೆಥೇನ್ ಲೇಪದ ಕಥೆ ಬೇರೆ. ತೇವ ಮತ್ತು ಸೆಖೆ ಸೇರಿದರೆ ಅದು ನಿಧಾನಕ್ಕೆ ಒಡೆಯುತ್ತದೆ, ಅಂಟಂಟಾಗುತ್ತದೆ, ಹುಳಿ ವಾಸನೆ ಬರುತ್ತದೆ. ನನ್ನದರಲ್ಲಿ ಒಂದು ಮೂಲೆಯಲ್ಲಿ ಶುರುವಾಗಿದೆ. ಮನೆಗೆ ಬಂದ ದಿನವೇ ಬಿಚ್ಚಿ ಹರಡಿ, ಪೂರ್ತಿ ಒಣಗಿದ ಮೇಲೆ ಸಡಿಲ ಬಟ್ಟೆ ಚೀಲದಲ್ಲಿಟ್ಟರೆ ಇದು ಬಹಳ ವರ್ಷ ಮುಂದಕ್ಕೆ ಹೋಗುತ್ತದೆ, ಪೂರ್ತಿ ತಪ್ಪುವುದಿಲ್ಲ.

ಮೊದಲು ಕೈಕೊಟ್ಟಿದ್ದು ಬಾಗಿಲಿನ ಜಿಪ್. ಮಳೆಯಲ್ಲಿ ಚಿಮ್ಮಿದ ಮರಳು ಕಣ ಹಲ್ಲಿನೊಳಗೆ ಕೂರುತ್ತದೆ, ಎಳೆದಾಗೆಲ್ಲ ರನ್ನರ್‌ನ ಒಳಮೈಯನ್ನು ತೇಯುತ್ತದೆ. ಕೊನೆಗೆ ರನ್ನರ್ ಮುಂದೆ ಓಡುತ್ತದೆ, ಹಿಂದೆ ಜಿಪ್ ಬಿಚ್ಚಿಕೊಳ್ಳುತ್ತದೆ. ಸಣ್ಣ ಇಕ್ಕಳದಿಂದ ರನ್ನರ್‌ನ ಎರಡೂ ಬದಿಯನ್ನು ಒಂದು ಕೂದಲಿನಷ್ಟು ಒತ್ತಿದರೆ ಮತ್ತೆ ಕಚ್ಚುತ್ತದೆ. ಜಾಸ್ತಿ ಒತ್ತಿದರೆ ಮುರಿಯುತ್ತದೆ, ಮೆಲ್ಲಗೆ. ಹೊಸ ರನ್ನರ್ ಕಳಿಸಿ ಅಂತ ಕಂಪನಿಗೆ ಬರೆದರೆ, ಬಿಡಿಭಾಗ ಇಲ್ಲ, ಇಡೀ ಹೊರಪದರವನ್ನೇ ಕೊಳ್ಳಿ ಅನ್ನುವ ಉತ್ತರ ಬಂತು. ಕೆಲವೇ ಗ್ರಾಂನ ಲೋಹದ ತುಣುಕಿಗೆ ಇಡೀ ಸೂರು ಬದಲಿಸಬೇಕಂತೆ! ಒಬ್ಬ ದರ್ಜಿಯ ಹತ್ತಿರ ಅದೇ ಅಳತೆಯ ರನ್ನರ್ ಸಿಕ್ಕಿತು, ಚೀಲದ ಜಿಪ್ಪಿನದು. ಅದು ಇವತ್ತಿಗೂ ಓಡುತ್ತಿದೆ.

ಆರಡಿಗಿಂತ ಎತ್ತರದವರು, ಇಡೀ ದಿನ ಮಳೆಗೆ ಒಳಗೇ ಕೂರಬೇಕಾಗಬಹುದು ಅನ್ನುವವರು ಇದನ್ನು ಬಿಟ್ಟು ಇಬ್ಬರ ಟೆಂಟ್ ನೋಡಿ. ಅರ್ಧ ಕಿಲೋ ಜಾಸ್ತಿಯಾದರೂ ಕೂತು ಬೆನ್ನು ನೇರ ಮಾಡಬಹುದು. ಗೂಟ ಇಳಿಯದ ಬಂಡೆಯ ಮೇಲೋ ಮರದ ಹಲಗೆಯ ಮೇಲೋ ಹೆಚ್ಚು ಮಲಗುವವರಿಗೂ ಇದು ಬೇಡ, ತಾನಾಗಿ ನಿಲ್ಲುವಂಥದ್ದು ಬೇಕು. ಉಳಿದವರು ಕೊಳ್ಳುವ ಮುಂಚೆ ಮಾರುವವರನ್ನು ಎರಡು ಪ್ರಶ್ನೆ ಕೇಳಿ: ಒಳಪದರವನ್ನು ಒಳಗೆ ಕೂತೇ ಬಿಚ್ಚಬಹುದಾ, ಜಿಪ್ಪಿನ ರನ್ನರ್ ಬಿಡಿಯಾಗಿ ಸಿಗುತ್ತದಾ. ಎರಡನೆಯದಕ್ಕೆ ‘ಇಲ್ಲ’ ಅಂದರೆ ಜಿಪ್ಪಿನ ಹಿಂಬದಿಯಲ್ಲಿ ಅಚ್ಚಾಗಿರುವ ಅಳತೆಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ದರ್ಜಿ ಅದನ್ನೇ ಕೇಳುತ್ತಾರೆ.